‘ಗ್ಯಾಸ್ಟ್ರಿಕ್’ ಅನ್ನೋ ಗಂಟನ್ನು ಬಿಚ್ಚುವವರು: ಹೊಟ್ಟೆಯ ತಜ್ಞರು ಏನು ಮಾಡುತ್ತಾರೆ?

ಎದೆ ಉರಿದರೆ ಗ್ಯಾಸ್ಟ್ರಿಕ್. ಹೊಟ್ಟೆ ಉಬ್ಬಿದರೆ ಗ್ಯಾಸ್ಟ್ರಿಕ್. ತೇಗು ಬಂದರೂ ಗ್ಯಾಸ್ಟ್ರಿಕ್, ಬರದಿದ್ದರೂ ಗ್ಯಾಸ್ಟ್ರಿಕ್. ಬೆನ್ನು ಹಿಡಿದುಕೊಂಡರೆ, ತಲೆ ಭಾರವಾದರೆ, ರಾತ್ರಿ ನಿದ್ದೆ ಹತ್ತದಿದ್ದರೆ ಕೂಡ ಅದೇ. ನಮ್ಮ ಮಾತಿನಲ್ಲಿ ಇಷ್ಟು ದುಡಿಯುವ ಇಂಗ್ಲಿಷ್ ಪದ ಇನ್ನೊಂದು ಇರಲಾರದು. ತಮಾಷೆ ಏನೆಂದರೆ, ಇಂಗ್ಲಿಷಿನಲ್ಲಿ ಅದು ಕಾಯಿಲೆಯ ಹೆಸರೇ ಅಲ್ಲ. ‘ಜಠರಕ್ಕೆ ಸಂಬಂಧಿಸಿದ್ದು’ ಅಂತ ಅಷ್ಟೇ ಅರ್ಥ.

ಹೊಟ್ಟೆಯ ತಜ್ಞರನ್ನು ಗ್ಯಾಸ್ಟ್ರೋಎಂಟರಾಲಜಿಸ್ಟ್ ಅನ್ನುತ್ತಾರೆ. ಹೆಸರು ಉದ್ದ, ಬೋರ್ಡಿನಲ್ಲಿ ಓದಿ ಮುಗಿಸುವಷ್ಟರಲ್ಲಿ ನಮ್ಮ ಸರದಿ ಬಂದಿರುತ್ತದೆ. ಕೆಲಸವನ್ನು ಮಾತ್ರ ಸುಲಭವಾಗಿ ಹೇಳಬಹುದು. ನೀವು ಹೊತ್ತು ತಂದ ಗ್ಯಾಸ್ಟ್ರಿಕ್ ಅನ್ನೋ ಗಂಟನ್ನು ಬಿಚ್ಚಿ, ಒಳಗಿರುವುದನ್ನೆಲ್ಲ ಬೇರೆ ಬೇರೆ ಮಾಡಿ ಇಡುವುದು.

ಗಂಟು ದೊಡ್ಡದೇ. ಗಂಟಲು ದಾಟಿದರೆ ಅನ್ನನಾಳ, ಆಮೇಲೆ ಜಠರ, ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು, ಒಂದೂವರೆ ಮೀಟರ್ ದೊಡ್ಡ ಕರುಳು, ಕೊನೆಗೆ ಗುದದ್ವಾರ. ಈ ಕೊಳವೆಗೆ ಅಂಟಿಕೊಂಡು ಕೆಲಸ ಮಾಡುವ ಲಿವರ್, ಪಿತ್ತಕೋಶ, ಮೇದೋಜೀರಕ ಗ್ರಂಥಿ ಕೂಡ ಇವರ ಪಾಲಿಗೇ ಬರುತ್ತವೆ. ಲಿವರ್ ಒಂದನ್ನೇ ಹಿಡಿದು ಇನ್ನೂ ಆಳಕ್ಕೆ ಇಳಿದವರು ಹೆಪಟಾಲಜಿಸ್ಟ್. ಹೊಟ್ಟೆ ಕೊಯ್ಯುವ, ಹೊಲಿಯುವ ಕೆಲಸ ಸರ್ಜನ್‌ಗಳದು. ಗ್ಯಾಸ್ಟ್ರೋಎಂಟರಾಲಜಿಸ್ಟ್ ಸರ್ಜನ್ ಅಲ್ಲ. ಇದು ಗೊತ್ತಿಲ್ಲದೆ, ‘ಅವರ ಹತ್ತಿರ ಹೋದರೆ ಆಪರೇಷನ್ ಅಂತಾರೆ’ ಎಂದು ಹೆದರಿ ವರ್ಷಗಟ್ಟಲೆ ಮುಂದೂಡುವವರಿದ್ದಾರೆ.

ಮೊದಲ ಪರೀಕ್ಷೆ ಮಾತು

ಹೋದ ಕೂಡಲೇ ಬಾಯಿಗೆ ಪೈಪ್ ಹಾಕುತ್ತಾರೆ ಅಂತ ಇನ್ನೊಂದು ಭಯ. ನಿಜವಾಗಿ ಮೊದಲು ನಡೆಯುವುದು ವಿಚಾರಣೆ. ಹೆಚ್ಚು ಕಡಿಮೆ ಹೀಗಿರುತ್ತದೆ:

“ಏನಾಗ್ತಿದೆ ಹೇಳಿ.”

“ಗ್ಯಾಸ್ಟ್ರಿಕ್ ಡಾಕ್ಟ್ರೇ. ತುಂಬಾ ಜಾಸ್ತಿ ಆಗಿದೆ.”

“ಹೆಸರು ಆಮೇಲೆ ಇಡೋಣ. ಎಲ್ಲಿ ನೋವು, ತೋರಿಸಿ.”

“ಇಲ್ಲೇ… ಇಲ್ಲಿಂದ ಇಲ್ಲೀವರೆಗೆ.”

“ಬಂದರೆ ಎಷ್ಟು ಹೊತ್ತು ಇರುತ್ತೆ? ನಿದ್ದೆಯಿಂದ ಎಬ್ಬಿಸುತ್ತಾ? ಟಾಯ್ಲೆಟ್‌ಗೆ ಹೋಗಿ ಬಂದರೆ ಕಡಿಮೆ ಆಗುತ್ತಾ?”

ಒಂದೊಂದು ಉತ್ತರಕ್ಕೂ ಬೆಲೆಯಿದೆ. ಉರಿ ಹೊಟ್ಟೆಯಿಂದ ಎದೆಗೆ ಏರುತ್ತಿದ್ದರೆ, ಬಗ್ಗಿದಾಗ, ಮಲಗಿದಾಗ ಜಾಸ್ತಿಯಾದರೆ, ಅನ್ನನಾಳದ ಕೆಳಗಿನ ಬಿಗಿ ಸಡಿಲವಾಗಿ ಆಮ್ಲ ಮೇಲೆ ಬರುತ್ತಿರಬಹುದು. ಮೇಲ್ಹೊಟ್ಟೆಯ ನಡುವಿನಲ್ಲಿ ಕಿವುಚಿದ ಹಾಗಿದ್ದು ನಡುರಾತ್ರಿ ಎಬ್ಬಿಸಿದರೆ ಹುಣ್ಣಿನ ಅನುಮಾನ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಗಿ, ಏರಿ, ಗಂಟೆಗಟ್ಟಲೆ ನಿಂತು, ಬಲ ಭುಜದ ಹಿಂಬದಿಗೆ ಹರಿದರೆ ಪಿತ್ತಕೋಶದ ಕಲ್ಲು. ನೋವು ನೇರ ಬೆನ್ನಿಗೆ ತೂರಿದಂತಾಗಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರಾದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಹೊಕ್ಕುಳ ಸುತ್ತ ಶುರುವಾಗಿ ಕೆಲವೇ ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದರೆ ಅಪೆಂಡಿಕ್ಸ್. ದೇಹ ಯಾವಾಗಲೂ ಪುಸ್ತಕದಲ್ಲಿ ಇದ್ದಂತೆ ನಡೆದುಕೊಳ್ಳುವುದಿಲ್ಲ, ನಿಜ. ಆದರೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಅನ್ನುವುದು ಬಹುಪಾಲು ಈ ಮಾತುಕತೆಯಲ್ಲೇ ತೀರ್ಮಾನವಾಗುತ್ತದೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೃದಯಾಘಾತದ ನೋವು ಎದೆಯಲ್ಲೇ ಬರಬೇಕು ಅಂತಿಲ್ಲ. ಮೇಲ್ಹೊಟ್ಟೆಯಲ್ಲಿ ಭಾರ, ವಾಕರಿಕೆ, ತೇಗು ಆಗಿಯೂ ಬರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ಇನ್ನೂ ಮಂಕಾಗಿರುತ್ತದೆ. ಇದ್ದಕ್ಕಿದ್ದಂತೆ ಶುರುವಾದ ಸಂಕಟದ ಜೊತೆ ತಣ್ಣನೆ ಬೆವರು, ಉಸಿರಾಡಲು ಕಷ್ಟ, ದವಡೆ ಅಥವಾ ತೋಳಿಗೆ ಹರಿಯುವ ನೋವು ಇದ್ದರೆ ಮಾತ್ರೆ ನುಂಗಿ ಕಾಯಬೇಡಿ. ಮೊದಲು ತುರ್ತು ಚಿಕಿತ್ಸೆ, ಮೊದಲು ಇಸಿಜಿ. ಹೊಟ್ಟೆಯ ತಜ್ಞರ ಸರದಿ ಆಮೇಲೆ.

ವಿಚಾರಣೆಯಲ್ಲಿ ಜನ ಮುಜುಗರಪಡುವ ಭಾಗ ಮಲದ ವಿಷಯ. ಡಾಕ್ಟರ್‌ಗೆ ಅದು ದಿನದಲ್ಲಿ ಇಪ್ಪತ್ತು ಸಲ ಕೇಳುವ ಪ್ರಶ್ನೆ, ನಾಚಿಕೆ ನಮಗೇ. ಇದಕ್ಕಾಗಿ ಒಂದು ಚಿತ್ರಪಟವೇ ಇದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರೂಪಗೊಂಡು 1997ರಲ್ಲಿ ಪ್ರಕಟವಾದ ಇದರಲ್ಲಿ ಮಲಕ್ಕೆ 7 ನಮೂನೆಗಳಿವೆ. 1 ಅಂದರೆ ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆಗಳು. 7 ಅಂದರೆ ಬರೀ ನೀರು. 3 ಮತ್ತು 4 ಆರೋಗ್ಯದ ಲಕ್ಷಣ. ‘ಸರಿಯಾಗಿ ಆಗಲ್ಲ’ ಅನ್ನುವುದಕ್ಕಿಂತ ‘ಒಂದನೇ ನಮೂನೆ, ವಾರಕ್ಕೆ ಎರಡು ಸಲ’ ಅಂದರೆ ಅರ್ಧ ಕೆಲಸ ಮುಗಿಯಿತು. ಅಂದಹಾಗೆ, ದಿನಕ್ಕೊಮ್ಮೆ ಆಗಲೇಬೇಕು ಅಂತ ಯಾವ ಕಾನೂನೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಮಾಮೂಲೇ. ನಿಮ್ಮ ಮಾಮೂಲು ಬದಲಾಯಿತಾ ಅನ್ನುವುದು ಮುಖ್ಯ.

ಕೆಲವು ಉತ್ತರಗಳನ್ನು ಕೇಳಿದ ಕೂಡಲೇ ಡಾಕ್ಟರ್ ನೇರವಾಗಿ ಕೂರುತ್ತಾರೆ. ಪ್ರಯತ್ನಪಡದೆ ತೂಕ ಇಳಿಯುತ್ತಿದೆ. ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಳ್ಳುತ್ತಿದೆ, ಮೊದಲು ಗಟ್ಟಿ ಆಹಾರ, ಈಗ ಮೆತ್ತಗಿನದೂ. ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದೆ. ಕಣ್ಣು ಹಳದಿ. ಕಾರಣ ಗೊತ್ತಿಲ್ಲದ ರಕ್ತಹೀನತೆ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ. ಇವುಗಳಲ್ಲಿ ಒಂದಿದ್ದರೂ ತಜ್ಞರ ಹತ್ತಿರ ಹೋಗುವುದು ಮುಂದಿನ ತಿಂಗಳ ಕೆಲಸವಲ್ಲ. ರಕ್ತ ವಾಂತಿಯಾದರೆ, ಡಾಂಬರಿನಂಥ ಮಲದ ಜೊತೆ ತಲೆ ಸುತ್ತಿದರೆ ಅದೇ ಗಳಿಗೆ ಆಸ್ಪತ್ರೆ. ಕಬ್ಬಿಣಾಂಶದ ಮಾತ್ರೆ ನುಂಗುವವರಿಗೂ ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ‘ಮಾತ್ರೆಯಿಂದಲೇ ಇರಬೇಕು’ ಅಂತ ನಾವೇ ತೀರ್ಪು ಕೊಟ್ಟುಕೊಳ್ಳುವುದು ಬೇಡ. ‘ಪೈಲ್ಸ್ ಇರಬೇಕು ಬಿಡಿ’ ಅನ್ನುವುದೂ ಅಷ್ಟೇ ಅಪಾಯದ ಮಾತು. ಪೈಲ್ಸ್ ಇರುವವರಿಗೆ ಕರುಳಿನಲ್ಲಿ ಬೇರೆ ಗಂಟೂ ಇರಬಹುದಲ್ವಾ?

ಕತ್ತಿ ನುಂಗುವವನಿಂದ ಕ್ಯಾಮೆರಾದವರೆಗೆ

ಈಗ ಆ ಪೈಪಿನ ವಿಷಯ. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ ಅನ್ನುವ ವೈದ್ಯರಿಗೆ ಬದುಕಿರುವ ಮನುಷ್ಯನ ಜಠರದೊಳಗೆ ಇಣುಕಬೇಕು ಅನ್ನಿಸಿತು. ಆಗ ಇದ್ದದ್ದು ಬಾಗದ ಲೋಹದ ಕೊಳವೆ. ಅದನ್ನು ಯಾರು ನುಂಗುತ್ತಾರೆ? ಕತ್ತಿ ನುಂಗಿ ಹೊಟ್ಟೆ ಹೊರೆಯುವ ಒಬ್ಬ ಕಲಾವಿದನನ್ನು ಹಿಡಿದು ತಂದರು. ಕೊಳವೆ ಇಳಿಯಿತು, ಆದರೆ ಒಳಗೆ ಕಾಣುವಷ್ಟು ಬೆಳಕು ಸಿಗಲಿಲ್ಲ. ಬಾಗುವ ಕೊಳವೆ ಬರಲು 1957 ಆಗಬೇಕಾಯಿತು. ಅಮೆರಿಕದಲ್ಲಿ ಬೇಸಿಲ್ ಹಿರ್ಶೋವಿಟ್ಜ್ ಕೂದಲಿನಂಥ ಗಾಜಿನ ಎಳೆಗಳ ಕಟ್ಟಿನಿಂದ ಅದನ್ನು ಮಾಡಿದರು. ರೋಗಿಗಿಂತ ಮೊದಲು ತಾವೇ ನುಂಗಿ ನೋಡಿದರು.

ಈಗಿನ ಎಂಡೋಸ್ಕೋಪ್ ಕಿರುಬೆರಳಿಗಿಂತ ತೆಳ್ಳಗಿರುತ್ತದೆ. ತುದಿಯಲ್ಲಿ ಪುಟ್ಟ ಕ್ಯಾಮೆರಾ, ದೀಪ, ನೀರು ಚಿಮ್ಮುವ ರಂಧ್ರ, ಚಿಮಟ ತೂರಿಸಲು ಒಂದು ದಾರಿ. ಮೇಲಿನ ಎಂಡೋಸ್ಕೋಪಿಗೆ 6ರಿಂದ 8 ಗಂಟೆ ಖಾಲಿ ಹೊಟ್ಟೆ ಬೇಕು. ಗಂಟಲಿಗೆ ಕಹಿಯಾದ ಔಷಧಿ ಸಿಂಪಡಿಸುತ್ತಾರೆ. ನಾಲಿಗೆ ದಪ್ಪಗಾದಂತೆ, ಉಗುಳು ನುಂಗಲು ಬರದಂತೆ ಅನ್ನಿಸುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದು ಕಚ್ಚಿಸುತ್ತಾರೆ. ‘ನುಂಗಿ’ ಅಂದಾಗ ಓಕರಿಕೆ ಬಂದೇ ಬರುತ್ತದೆ. ಆ ಅರ್ಧ ನಿಮಿಷ ಕಷ್ಟ, ಸುಳ್ಳು ಹೇಳಬಾರದು. ಆದರೆ ಉಸಿರು ಕಟ್ಟುವುದಿಲ್ಲ. ಪೈಪ್ ಹೋಗುವುದು ಅನ್ನನಾಳಕ್ಕೆ, ಶ್ವಾಸನಾಳಕ್ಕಲ್ಲ. ಮೂಗಿನಿಂದ ನಿಧಾನ ಉಸಿರಾಡುತ್ತಾ ಇದ್ದರೆ 5ರಿಂದ 10 ನಿಮಿಷದಲ್ಲಿ ಮುಗಿಯುತ್ತದೆ. ಬೇಡ ಅನ್ನಿಸಿದರೆ ಮಂಪರು ಬರುವ ಇಂಜೆಕ್ಷನ್ ಕೇಳಬಹುದು. ಅದು ತೆಗೆದುಕೊಂಡರೆ ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಇರಬೇಕು.

ಒಳಗೆ ಏನಾದರೂ ಅನುಮಾನ ಬಂದರೆ ಚಿಮಟದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆಯುತ್ತಾರೆ. ಇದೇ ಬಯಾಪ್ಸಿ. ನಿಮಗೆ ಗೊತ್ತೇ ಆಗುವುದಿಲ್ಲ. ಕರುಳಿನ ಒಳಪದರಕ್ಕೆ ಚಿವುಟಿದರೆ ನೋವು ತಿಳಿಯದು, ಹಿಗ್ಗಿಸಿದರೆ ಮಾತ್ರ ತಿಳಿಯುತ್ತದೆ. ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ಅಂತ ಮನೆಮಂದಿಯೆಲ್ಲ ಅಳಲು ಶುರು ಮಾಡುವುದನ್ನು ನೋಡಿದ್ದೇನೆ. ಬಹಳಷ್ಟು ಸಲ ಆ ಚೂರು ಹೋಗುವುದು ಒಂದು ಸಣ್ಣ ಬ್ಯಾಕ್ಟೀರಿಯಾ ಹುಡುಕುವುದಕ್ಕೆ.

ಆ ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಹುಣ್ಣು ಬರುವುದು ಟೆನ್ಷನ್‌ನಿಂದ, ಆಮ್ಲದಿಂದ ಅಂತ ಡಾಕ್ಟರುಗಳೇ ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಪರ್ತ್‌ನ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅದನ್ನು ಒಪ್ಪಲಿಲ್ಲ. ಕಾರಣ ಈ ಬ್ಯಾಕ್ಟೀರಿಯಾ ಇರಬಹುದು ಅಂತ 1982ರಲ್ಲಿ ಪ್ರಯೋಗಾಲಯದ ತಟ್ಟೆಯಲ್ಲಿ ಅದನ್ನು ಬೆಳೆಸಲು ನೋಡಿದರು. ಎರಡು ದಿನ ಇಟ್ಟು ಏನೂ ಬೆಳೆಯದಿದ್ದರೆ ಎಸೆಯುವುದು ರೂಢಿ. ಈಸ್ಟರ್ ರಜೆ ಬಂದು ತಟ್ಟೆಗಳು ಹಾಗೇ ಉಳಿದವು. ವಾಪಸ್ ಬಂದು ನೋಡಿದರೆ ಬೆಳೆದಿತ್ತು! ಆದರೂ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದರಿಂದ ನಮಗಾದ ಲಾಭ ಇಷ್ಟು: ಜೀವನಪೂರ್ತಿ ಮಾತ್ರೆ ನುಂಗಬೇಕಿದ್ದ ಹುಣ್ಣಿಗೆ ಈಗ ಸಾಮಾನ್ಯವಾಗಿ 14 ದಿನದ ಚಿಕಿತ್ಸೆ ಸಾಕು. ನೋವು ಹೋಯಿತು ಅಂತ ಐದನೇ ದಿನಕ್ಕೆ ನಿಲ್ಲಿಸಿದರೆ ಮಾತ್ರ ಬ್ಯಾಕ್ಟೀರಿಯಾ ಉಳಿದು, ಮುಂದಿನ ಸಲ ಅದೇ ಔಷಧಿಗೆ ಬಗ್ಗುವುದಿಲ್ಲ. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆ. ಮಂಡಿ ನೋವಿಗೆ ಅಂತ ದಿನಾ ನುಂಗುವ ಮಾತ್ರೆಯನ್ನು ಹೊಟ್ಟೆಯ ಡಾಕ್ಟರ್‌ಗೆ ಹೇಳುವುದೇ ಇಲ್ಲ ಜನ. ಕಾಲಿಗೂ ಹೊಟ್ಟೆಗೂ ಏನು ಸಂಬಂಧ ಅಂತ!

ಬೆಳಗ್ಗೆ ಎದ್ದು ನುಂಗುವ ಆ ಮಾತ್ರೆ

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್. ಹೆಸರು ಕೇಳದವರು ಕಡಿಮೆ. ಇವನ್ನೆಲ್ಲ ಸೇರಿಸಿ ಪಿಪಿಐ ಅನ್ನುತ್ತಾರೆ. ಇವು ಜಠರದಲ್ಲಿ ಆಮ್ಲ ಸುರಿಸುವ ಪಂಪುಗಳನ್ನು ನಿಲ್ಲಿಸುತ್ತವೆ. ಪಂಪುಗಳು ಚುರುಕಾಗುವುದು ಊಟದ ಹೊತ್ತಿಗೆ. ಅದಕ್ಕೇ ಮಾತ್ರೆ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಒಳಗೆ ಹೋಗಿರಬೇಕು. ಊಟವಾದ ಮೇಲೆ, ಉರಿ ಶುರುವಾದ ಮೇಲೆ ನುಂಗಿ ‘ಇದು ಕೆಲಸ ಮಾಡಲ್ಲ’ ಅನ್ನುವವರೇ ಜಾಸ್ತಿ.

ಮಾತ್ರೆ ಒಳ್ಳೆಯದೇ. ಹುಣ್ಣನ್ನು ಒಣಗಿಸಿದೆ, ಎಷ್ಟೋ ಆಪರೇಷನ್ ತಪ್ಪಿಸಿದೆ. ನನ್ನ ತಕರಾರು ಬೇರೆ. ಯಾಕೆ ಶುರು ಮಾಡಿದ್ದು ಅಂತ ಯಾರಿಗೂ ನೆನಪಿಲ್ಲದೆ ಎಂಟು ಹತ್ತು ವರ್ಷ ಅದೇ ಮಾತ್ರೆ ನುಂಗುವುದಿದೆಯಲ್ಲ, ಅದು ಸರಿಯಲ್ಲ. ಅದರ ಮರೆಯಲ್ಲಿ ಬೇರೆ ಕಾಯಿಲೆ ಅಡಗಿ ಕೂರಬಹುದು. ಬಹಳ ವರ್ಷ ತೆಗೆದುಕೊಂಡರೆ ಕೆಲವರಲ್ಲಿ ಬಿ12, ಮೆಗ್ನೀಸಿಯಂ ಕಡಿಮೆಯಾಗುತ್ತದೆ. ಹಾಗಂತ ನಾಳೆಯೇ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕಿ, ಕೆಲವು ವಾರ ಉರಿ ಹೆಚ್ಚಾಗುತ್ತದೆ. ‘ನೋಡಿ, ಬಿಟ್ಟರೆ ಆಗಲ್ಲ’ ಅಂತ ಮತ್ತೆ ಶುರು. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ರಕ್ಷಣೆಗಾಗಿ ಇದನ್ನು ಕೊಟ್ಟಿದ್ದರೆ ನಿಲ್ಲಿಸುವುದೇ ತಪ್ಪು. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: “ಇದು ಇನ್ನೂ ಬೇಕಾ? ಎಷ್ಟು ದಿನ?”

ಕೆಳಗಿನ ದಾರಿ

ಗುದದ್ವಾರದಿಂದ ಕ್ಯಾಮೆರಾ ಪೈಪ್ ತೂರಿಸಿ ದೊಡ್ಡ ಕರುಳನ್ನು ನೋಡುವುದು ಕೊಲೊನೋಸ್ಕೋಪಿ. ಅದನ್ನು ಮಾಡಿಸಿಕೊಂಡವರನ್ನು ಕೇಳಿ ನೋಡಿ. ಪರೀಕ್ಷೆ ಏನೂ ಅಲ್ಲ, ಹಿಂದಿನ ರಾತ್ರಿಯೇ ಕಷ್ಟ ಅನ್ನುತ್ತಾರೆ. ಕರುಳು ಪೂರ್ತಿ ಖಾಲಿಯಾಗಲು 2ರಿಂದ 4 ಲೀಟರ್ ಭೇದಿ ದ್ರಾವಣ ಕುಡಿಯಬೇಕು. ಈಗ ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ ಕೆಲವು ಗಂಟೆ ಮೊದಲು ಕುಡಿಸುತ್ತಾರೆ. ಹಾಗೆ ಮಾಡಿದರೆ ಕರುಳು ಚೆನ್ನಾಗಿ ತೊಳೆಯುತ್ತದೆ. ಕೊನೆಗೆ ಬರುವುದು ತಿಳಿಹಳದಿ ನೀರಾಗಿರಬೇಕು. ಇನ್ನೂ ಕಂದು ಬಣ್ಣ ಇದ್ದರೆ ಸಿಬ್ಬಂದಿಗೆ ಹೇಳಿ. ಮುಚ್ಚಿಟ್ಟರೆ ನಷ್ಟ ನಿಮಗೇ, ಯಾಕೆಂದರೆ ಅವರು ಹುಡುಕುತ್ತಿರುವುದು ಕೆಲವೇ ಮಿಲಿಮೀಟರ್ ಗಾತ್ರದ್ದನ್ನು.

ಪರದೆಯ ಮೇಲೆ ಕರುಳು ಕಾಣುವುದು ನಸುಗೆಂಪು ಸುರಂಗದ ಹಾಗೆ, ಒದ್ದೆಯಾಗಿ ಹೊಳೆಯುತ್ತಾ. ಅಡ್ಡಕ್ಕೆ ಹಾಯುವ ಭಾಗದಲ್ಲಿ ಸುರಂಗ ತ್ರಿಕೋನವಾಗುತ್ತದೆ. ಕೊನೆಯಲ್ಲಿ ಅಪೆಂಡಿಕ್ಸಿನ ಬಾಯಿ ಒಂದು ಸಣ್ಣ ಸೀಳಿನಂತೆ ಕಂಡಾಗ ದಾರಿ ಮುಗಿಯಿತು ಅಂತ ಅರ್ಥ. ನಿಜವಾದ ಹುಡುಕಾಟ ಹಿಂದಕ್ಕೆ ಬರುವಾಗ ನಡೆಯುತ್ತದೆ. ಕನಿಷ್ಠ 6 ನಿಮಿಷವಾದರೂ ನಿಧಾನಕ್ಕೆ ಎಳೆಯುತ್ತಾ, ಒಂದೊಂದು ಮಡಿಕೆಯ ಹಿಂದೂ ನೋಡಬೇಕು. ಅಲ್ಲೆಲ್ಲೋ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಅಣಬೆಯಂತೆ ಬೆಳೆದ ಗಂಟು ಸಿಕ್ಕರೆ ತಂತಿಯ ಕುಣಿಕೆ ಹಾಕಿ, ಬಿಗಿದು, ಅಲ್ಲೇ ಕತ್ತರಿಸಿ ತೆಗೆಯುತ್ತಾರೆ.

ಈ ಕೆಲಸಕ್ಕೆ ಇಷ್ಟು ಮಹತ್ವ ಯಾಕೆ? ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಇಂಥ ಪಾಲಿಪ್‌ನಿಂದಲೇ ಹುಟ್ಟುತ್ತದೆ, ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಅಂದರೆ ಕ್ಯಾನ್ಸರ್ ಆಗುವ ಮೊದಲೇ ಕಿತ್ತುಹಾಕಲು ಹತ್ತು ವರ್ಷದ ಸಮಯ. ಹೀಗೆ ಮೊದಲೇ ತಡೆಯುವ ಅವಕಾಶ ಕೊಡುವ ಕ್ಯಾನ್ಸರ್‌ಗಳು ತುಂಬಾ ಇಲ್ಲ. ಅದಕ್ಕೇ ಹಲವು ದೇಶಗಳಲ್ಲಿ 45 ಅಥವಾ 50 ದಾಟಿದವರಿಗೆ ತೊಂದರೆ ಇಲ್ಲದಿದ್ದರೂ ತಪಾಸಣೆ ಮಾಡುತ್ತಾರೆ. ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ ಇನ್ನೂ ಬೇಗ ಶುರು ಮಾಡಬೇಕು.

ಕಲ್ಲು ಪಿತ್ತನಾಳದಲ್ಲಿ ಸಿಕ್ಕಿಕೊಂಡಾಗ ಮಾಡುವ ಇಆರ್‌ಸಿಪಿ ಇನ್ನೂ ನಾಜೂಕಿನ ಕೆಲಸ. ಬಾಯಿಂದ ಹೋದ ಸ್ಕೋಪ್ ಸಣ್ಣ ಕರುಳಿನ ಶುರುವಿನಲ್ಲಿ ನಿಂತು, ಪಿತ್ತನಾಳದ ಪುಟ್ಟ ಬಾಯಿಯನ್ನು ಕೊಂಚ ಕತ್ತರಿಸಿ, ಒಳಗೆ ಬಲೂನ್ ಉಬ್ಬಿಸಿ ಕಲ್ಲನ್ನು ಎಳೆದು ಹಾಕುತ್ತದೆ. ಹೊಟ್ಟೆಯ ಮೇಲೆ ಒಂದು ಗೀರೂ ಇರುವುದಿಲ್ಲ. ಕೆಲವರಿಗೆ ಆಮೇಲೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇರುವುದರಿಂದ, ಬರೀ ನೋಡುವುದಕ್ಕಾಗಿ ಇದನ್ನು ಮಾಡುವುದಿಲ್ಲ. ನೋಡುವುದಕ್ಕೆ ಎಂಆರ್‌ಐ ಸಾಕು.

ಎಲ್ಲ ನಾರ್ಮಲ್, ಆದರೂ ನೋವು

ರಕ್ತ ಪರೀಕ್ಷೆ ನಾರ್ಮಲ್. ಸ್ಕ್ಯಾನಿಂಗ್ ನಾರ್ಮಲ್. ಎರಡೂ ಸ್ಕೋಪಿ ನಾರ್ಮಲ್. ಮನೆಯವರು ‘ಏನೂ ಇಲ್ಲವಂತೆ, ಎಲ್ಲ ಮನಸ್ಸಿನ ಭ್ರಮೆ’ ಅನ್ನುತ್ತಾರೆ. ರೋಗಿಗೆ ಮಾತ್ರ ಬೆಳಗ್ಗೆ ಹೊರಡುವ ಮೊದಲು ಮೂರು ಸಲ ಟಾಯ್ಲೆಟ್, ಹೊಟ್ಟೆ ಹಿಂಡು, ಮೀಟಿಂಗಿನ ನಡುವೆ ಭಯ. ಇದು ಬಹಳ ಸಲ ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ನನ್ನ ಪ್ರಕಾರ ಇಡೀ ವಿಭಾಗದಲ್ಲಿ ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾದ ಕಾಯಿಲೆ.

ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಅವು ಮಿದುಳಿನ ಜೊತೆ ಸದಾ ಮಾತಾಡುತ್ತಿರುತ್ತವೆ. ಪರೀಕ್ಷೆಗೆ ಮುಂಚೆ ಹೊಟ್ಟೆ ಕಲಕುವುದು ಎಲ್ಲರಿಗೂ ಗೊತ್ತಲ್ಲ, ಅದೇ ತಂತಿ. ಐಬಿಎಸ್‌ನಲ್ಲಿ ಆ ತಂತಿಯ ವಾಲ್ಯೂಮ್ ಜಾಸ್ತಿಯಾಗಿರುತ್ತದೆ ಅಂದುಕೊಳ್ಳಿ. ಬೇರೆಯವರಿಗೆ ತಿಳಿಯದ ಗಾಳಿ ಇವರಿಗೆ ನೋವಾಗುತ್ತದೆ. ಕ್ಯಾಮೆರಾಗೆ ಗೋಡೆ ಕಾಣುತ್ತದೆ, ವಾಲ್ಯೂಮ್ ಕಾಣುವುದಿಲ್ಲ. ಹಾಗಾಗಿ ರೋಗನಿರ್ಣಯ ಮಾಡುವುದು ಲಕ್ಷಣಗಳ ಮೇಲೆ: ಕಳೆದ ಮೂರು ತಿಂಗಳಲ್ಲಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವು, ಅದಕ್ಕೂ ಮಲವಿಸರ್ಜನೆಗೂ ನಂಟು, ಮಲದ ನಮೂನೆಯಲ್ಲೋ ಲೆಕ್ಕದಲ್ಲೋ ಬದಲಾವಣೆ. ಚಿಕಿತ್ಸೆಗೆ ಖಿನ್ನತೆಯ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟರೆ ಸಿಟ್ಟಾಗಬೇಡಿ. ಅದನ್ನು ಕೊಟ್ಟದ್ದು ಆ ವಾಲ್ಯೂಮ್ ಇಳಿಸುವುದಕ್ಕೆ.

ಹೆಸರಿನಲ್ಲಿ ಒಂದೇ ಅಕ್ಷರ ವ್ಯತ್ಯಾಸದ ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ, ಪೂರ್ತಿ ಬೇರೆ. ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಆ ಗುಂಪಿಗೆ ಸೇರುತ್ತವೆ. ಅಲ್ಲಿ ಕರುಳಿನಲ್ಲಿ ನಿಜವಾದ ಹುಣ್ಣು, ರಕ್ತ, ಜ್ವರ, ತೂಕ ಇಳಿಕೆ ಇರುತ್ತವೆ. ನಿದ್ದೆಯಿಂದ ಎಬ್ಬಿಸುವ ಭೇದಿ ಅತ್ತ ಬೆರಳು ತೋರಿಸುತ್ತದೆ. ಎರಡನ್ನೂ ಬೇರ್ಪಡಿಸಲು ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಮಲ ಪರೀಕ್ಷೆ ತುಂಬಾ ಸಹಾಯ ಮಾಡುತ್ತದೆ. ಗೋಧಿ, ಬಾರ್ಲಿಯ ಗ್ಲುಟನ್‌ಗೆ ಕರುಳು ಸಿಡಿಮಿಡಿಗೊಳ್ಳುವ ಸೀಲಿಯಾಕ್ ಕಾಯಿಲೆಯೂ ಐಬಿಎಸ್ ವೇಷದಲ್ಲಿ ಬರುವುದುಂಟು. ಅದರ ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಟ್ಟರೆ ರಿಪೋರ್ಟ್ ಸುಳ್ಳು ಹೇಳುತ್ತದೆ. ಪರೀಕ್ಷೆ ಮೊದಲು, ಪಥ್ಯ ಆಮೇಲೆ.

ಲಿವರ್ ಬಗ್ಗೆ ಬರೆದರೆ ಇನ್ನೊಂದು ಲೇಖನವಾದೀತು. ಇಷ್ಟು ಮಾತ್ರ ಹೇಳುತ್ತೇನೆ: ಲಿವರ್ ನೋವು ಹೇಳಿಕೊಳ್ಳುವ ಅಂಗವಲ್ಲ. ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್’ ಅಂತ ಬಂದರೆ ಅಸಡ್ಡೆಯೂ ಬೇಡ, ಗಾಬರಿಯೂ ಬೇಡ. ಅದು ಎಷ್ಟು ಗಟ್ಟಿಯಾಗಿದೆ ಅಂತ ಫೈಬ್ರೋಸ್ಕ್ಯಾನ್‌ನಲ್ಲಿ ಅಳೆಯಬಹುದು, ಸೂಜಿ ಚುಚ್ಚುವುದಿಲ್ಲ. ಹೆಪಟೈಟಿಸ್ ಸಿ ಈಗ 8ರಿಂದ 12 ವಾರದ ಮಾತ್ರೆಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ಪೂರ್ತಿ ವಾಸಿಯಾಗುತ್ತದೆ.

ಹೋಗುವಾಗ ಏನು ಹಿಡಿದುಕೊಂಡು ಹೋಗಬೇಕು? ಹಳೆಯ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ನುಂಗುವ ಎಲ್ಲ ಮಾತ್ರೆಗಳ ಫೋಟೋ ತೆಗೆದುಕೊಳ್ಳಿ, ನೋವಿನದು, ಬೇರಿನದು, ಪುಡಿಯದು ಎಲ್ಲ ಸೇರಿಸಿ. ಮತ್ತೆ ಎರಡು ವಾರದ ಒಂದು ಚೀಟಿ. ಹೀಗಿದ್ದರೆ ಸಾಕು:

“ಸೋಮವಾರ. ರಾತ್ರಿ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ನೋವು. ಒಂದೂವರೆ ಗಂಟೆ ಇತ್ತು. ವಾಂತಿ ಒಂದು ಸಲ. ಮಾತ್ರೆ ನುಂಗಿದರೂ ಕಡಿಮೆ ಆಗಲಿಲ್ಲ, ತಾನಾಗಿಯೇ ಹೋಯಿತು. ಮಂಗಳವಾರ, ಬುಧವಾರ ಏನೂ ಇಲ್ಲ. ಗುರುವಾರ ಮತ್ತೆ, ಅದೇ ಜಾಗ.”